ರೆಪೊ ದರ: ಠೇವಣಿ, ಬೆಲೆಯೇರಿಕೆ ಮತ್ತು ಕರೆನ್ಸಿ ಹೂಡಿಕೆ

ವಾಣಿಜ್ಯ ಬ್ಯಾಂಕುಗಳು ಸರ್ಕಾರಿ ಸಾಲಪತ್ರಗಳನ್ನು ಒತ್ತೆಯಿಟ್ಟು ಭಾರತೀಯ ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಹಣ ಪಡೆಯುವಾಗ ಕೊಡುವ ಬಡ್ಡಿಯೇ ರೆಪೊ ದರ. ಕರಾರಿನ ಪ್ರಕಾರ ಇದು ಸಾಲವಲ್ಲ. ಪತ್ರವನ್ನು ಇಂದು ಮಾರಿ ಗೊತ್ತುಪಡಿಸಿದ ದಿನ ಸ್ವಲ್ಪ ಹೆಚ್ಚು ಬೆಲೆಗೆ ಮರಳಿ ಕೊಳ್ಳುವ ವ್ಯವಹಾರ. ಆ ಹೆಚ್ಚುವರಿ ಬೆಲೆಯೇ ಬಡ್ಡಿ. ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಮುಂಬೈಯಿಂದ ಈ ದರದ ಪ್ರಕಟಣೆ ಹೊರಬೀಳುತ್ತದೆ. ಮರುದಿನದ ಪತ್ರಿಕೆಗಳು ಗೃಹಸಾಲದ ಕಂತು ಇಳಿಯಿತೇ ಏರಿತೇ ಎಂಬುದನ್ನು ಮುಖಪುಟದಲ್ಲಿ ಹಾಕುತ್ತವೆ. ಠೇವಣಿದಾರರ ಪಾಡು ಒಳಪುಟಕ್ಕೆ, ರೂಪಾಯಿಯ ಸುದ್ದಿ ವಾಣಿಜ್ಯ ಪುಟಕ್ಕೆ ಸರಿಯುತ್ತದೆ. ನಿರ್ಧಾರ ಮಾತ್ರ ಒಂದೇ. ಅದು ಯಾರಿಗೆ ಎಷ್ಟು ಬೇಗ, ಎಷ್ಟರಮಟ್ಟಿಗೆ ತಟ್ಟುತ್ತದೆ ಎಂಬುದರಲ್ಲಿ ಭಾರಿ ಅಂತರವಿದೆ. ಕರೆನ್ಸಿ ಮಾರುಕಟ್ಟೆಗೆ ಕೆಲವೇ ನಿಮಿಷ ಸಾಕು. ಗೃಹಸಾಲಕ್ಕೆ ಮೂರು ತಿಂಗಳೊಳಗೆ ಬಿಸಿ ಮುಟ್ಟುತ್ತದೆ. ನಿಶ್ಚಿತ ಠೇವಣಿಗೆ ಅದರ ಅವಧಿ ಮುಗಿದ ಮೇಲೆ, ಅಂಗಡಿಯ ಬೆಲೆಗಳಿಗೆ ವರ್ಷವೋ ಒಂದೂವರೆ ವರ್ಷವೋ ಕಳೆದ ಮೇಲೆ. ಬಡ್ಡಿ ನೀತಿಯ ಬಗ್ಗೆ ಎದ್ದೇಳುವ ಬಹುತೇಕ ಜಗಳಗಳು ಈ ಅಂತರದಿಂದ ಹುಟ್ಟಿದವು.

ಹಿನ್ನೆಲೆ

ರಿಸರ್ವ್ ಬ್ಯಾಂಕ್ 1935ರ ಏಪ್ರಿಲ್ 1ರಂದು ಶುರುವಾಯಿತು, 1949ರ ಜನವರಿ 1ರಂದು ರಾಷ್ಟ್ರೀಕರಣಗೊಂಡಿತು. ಮೊದಲ ಹಲವು ದಶಕ ರೆಪೊ ಎಂಬ ಮಾತೇ ಇರಲಿಲ್ಲ. ‘ಬ್ಯಾಂಕ್ ದರ’ ಎಂಬುದಿತ್ತು. ವಿದೇಶಿ ವಿನಿಮಯ ಬರಿದಾಗಿದ್ದ 1991ರ ಅಕ್ಟೋಬರಿನಲ್ಲಿ ಅದನ್ನು ಶೇ 12ಕ್ಕೆ ಏರಿಸಲಾಯಿತು. ಅಂದಿನ ವ್ಯವಸ್ಥೆಯಲ್ಲಿ ಯಾವ ಸಾಲಕ್ಕೆ ಎಷ್ಟು ಬಡ್ಡಿ, ಯಾವ ಠೇವಣಿಗೆ ಎಷ್ಟು ಎಂಬುದನ್ನು ರಿಸರ್ವ್ ಬ್ಯಾಂಕೇ ಕೋಷ್ಟಕ ಹಾಕಿ ಕೊಡುತ್ತಿತ್ತು. ಹಾಗಾಗಿ ದರದ ಪರಿಣಾಮ ಹೇಗೆ ಹರಡುತ್ತದೆ ಎಂಬ ಪ್ರಶ್ನೆ ಹೆಚ್ಚು ಏಳಲಿಲ್ಲ. ಅವಧಿ ಠೇವಣಿಗಳ ದರ ನಿಗದಿ 1997ರಲ್ಲಿ ಪೂರ್ತಿಯಾಗಿ ಬ್ಯಾಂಕುಗಳ ಕೈಗೆ ಬಂತು. ಉಳಿತಾಯ ಖಾತೆಯ ದರಕ್ಕೆ ಅದೇ ಸ್ವಾತಂತ್ರ್ಯ ಸಿಗಲು 2011ರ ಅಕ್ಟೋಬರ್ ಬರಬೇಕಾಯಿತು. ರೆಪೊ ದರವೇ ಏಕೈಕ ನೀತಿ ದರ ಎಂದು ಘೋಷಿಸಿದ್ದೂ ಅದೇ ವರ್ಷದ ಮೇ ತಿಂಗಳಲ್ಲಿ.

ಈಗಿನ ಚೌಕಟ್ಟು ಇನ್ನೂ ಹೊಸದು. ಊರ್ಜಿತ್ ಪಟೇಲ್ ಸಮಿತಿ 2014ರ ಜನವರಿಯಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ 2016ರಲ್ಲಿ ರಿಸರ್ವ್ ಬ್ಯಾಂಕ್ ಕಾಯ್ದೆಗೆ ತಿದ್ದುಪಡಿ ತಂದು ರೆಪೊ ದರ ನಿರ್ಧರಿಸುವ ಹಣಕಾಸು ನೀತಿ ಸಮಿತಿಯನ್ನು ರಚಿಸಲಾಯಿತು. ಆರು ಸದಸ್ಯರು: ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸುವ ಹೊರಗಿನವರು. ಮತಗಳು ಸಮವಾದರೆ ಗವರ್ನರ್ ಕೈಯಲ್ಲಿ ಇನ್ನೊಂದು ಮತ. ಗ್ರಾಹಕ ಬೆಲೆ ಸೂಚ್ಯಂಕದ ಏರಿಕೆಯನ್ನು ಶೇ 4ರಲ್ಲಿ ಹಿಡಿದಿಡಬೇಕು, ಎರಡು ಶೇಕಡಾ ಅಂಶ ಮೇಲೆ ಅಥವಾ ಕೆಳಗೆ ಹೋದರೂ ಸಹಿಸಬಹುದು ಎಂಬುದು ಅದಕ್ಕೆ ಕೊಟ್ಟ ಗುರಿ. ಸತತ ಮೂರು ತ್ರೈಮಾಸಿಕ ಈ ಮಿತಿ ತಪ್ಪಿದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ಕಾರಣ ಬರೆದು ಕೊಡಬೇಕು. 2022ರಲ್ಲಿ ಅಂಥ ಪತ್ರ ಬರೆಯುವ ಪ್ರಸಂಗ ಒಮ್ಮೆ ಬಂತು. ಪತ್ರವೇನೋ ಹೋಯಿತು, ಅದರಲ್ಲಿ ಏನಿತ್ತೆಂಬುದನ್ನು ಮಾತ್ರ ಬಹಿರಂಗಪಡಿಸಲಿಲ್ಲ. ಉತ್ತರದಾಯಿತ್ವಕ್ಕೆಂದೇ ಮಾಡಿದ ನಿಯಮಕ್ಕೆ ಇದು ಹೊಂದುವ ನಡೆಯಲ್ಲ.

ಇತ್ತೀಚಿನ ಏರಿಳಿತವನ್ನು ಇಲ್ಲಿ ಒಮ್ಮೆ ಹೇಳಿಬಿಟ್ಟರೆ ಮುಂದಿನ ಮಾತು ಸಲೀಸು. ಕೋವಿಡ್ ಬಂದಾಗ 5.15ರಲ್ಲಿದ್ದ ರೆಪೊ ದರ 2020ರ ಮಾರ್ಚಿನಲ್ಲಿ 4.40ಕ್ಕೆ, ಮೇ ತಿಂಗಳಲ್ಲಿ 4ಕ್ಕೆ ಇಳಿಯಿತು. ಸುಮಾರು ಎರಡು ವರ್ಷ ಅಲ್ಲೇ ನಿಂತಿತು. 2022ರ ಮೇ 4ರಂದು ನಿಗದಿಯಾಗಿರದ ಸಭೆ ಸೇರಿ 0.40 ಅಂಶ ಏರಿಸಲಾಯಿತು. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ 2023ರ ಫೆಬ್ರುವರಿಗೆ 6.50. ಮತ್ತೆ ಎರಡು ವರ್ಷ ಕದಲಲಿಲ್ಲ. 2025ರ ಫೆಬ್ರುವರಿಯಲ್ಲಿ ಇಳಿಕೆ ಶುರುವಾಗಿ ಜೂನ್ ಹೊತ್ತಿಗೆ 5.50ಕ್ಕೆ ಬಂತು.

ಠೇವಣಿ

ರೆಪೊ ದರ ಏರಿದರೆ ಠೇವಣಿಯ ಬಡ್ಡಿಯೂ ಏರುತ್ತದೆ ಎಂಬುದು ಪಠ್ಯಪುಸ್ತಕದ ಮಾತು. ಸ್ಟೇಟ್ ಬ್ಯಾಂಕಿನ ಸಾಮಾನ್ಯ ಉಳಿತಾಯ ಖಾತೆಯನ್ನೇ ತೆಗೆದುಕೊಳ್ಳಿ. 2020ರ ಮೇ ಕೊನೆಯಲ್ಲಿ ಅದರ ಬಡ್ಡಿ ಶೇ 2.70ಕ್ಕೆ ಇಳಿಯಿತು. ಆಮೇಲೆ ರೆಪೊ ದರ 4ರಿಂದ 6.50ಕ್ಕೆ ಏರಿತು, ಖಾತೆಯ ಬಡ್ಡಿ 2.70ರಲ್ಲೇ ಉಳಿಯಿತು. 2025ರಲ್ಲಿ ರೆಪೊ ಇಳಿಯತೊಡಗಿದಾಗ ಈ ಬಡ್ಡಿಯನ್ನೂ ಶೇ 2.50ಕ್ಕೆ ಇಳಿಸಲಾಯಿತು. ಏರಿಕೆಯಲ್ಲಿ ಪಾಲಿಲ್ಲ, ಇಳಿಕೆಯಲ್ಲಿ ಪಾಲುಂಟು. ಇದೇ ಬ್ಯಾಂಕ್ 2019ರ ಮೇ ತಿಂಗಳಿನಿಂದ ಒಂದು ಲಕ್ಷ ರೂಪಾಯಿಗಿಂತ ಹೆಚ್ಚಿನ ಉಳಿತಾಯ ಮೊತ್ತಕ್ಕೆ ರೆಪೊಗಿಂತ 2.75 ಅಂಶ ಕಡಿಮೆ ಬಡ್ಡಿ ಎಂಬ ಸೂತ್ರ ತಂದಿತ್ತು. ಒಂದು ವರ್ಷ ತುಂಬುವ ಮೊದಲೇ ಅದನ್ನು ಕೈಬಿಟ್ಟಿತು. ಉಳಿಸಿಕೊಂಡಿದ್ದರೆ 2023ರಲ್ಲಿ ಆ ಖಾತೆಗಳಿಗೆ ಶೇ 3.75 ಸಿಗಬೇಕಿತ್ತು.

ಬ್ಯಾಂಕುಗಳ ಕಡೆಯಿಂದ ನೋಡಿದರೆ ಇದರಲ್ಲಿ ಅಚ್ಚರಿಯಿಲ್ಲ. ಉಳಿತಾಯ ಖಾತೆಯಲ್ಲಿ ಹಣ ಇಡುವವರು ಬಡ್ಡಿಗಾಗಿ ಇಡುವುದಿಲ್ಲ. ಸಂಬಳ ಬರಲು, ಬಿಲ್ಲು ಕಟ್ಟಲು, ಕೈಗೆ ಸಿಗುವಂತಿರಲು ಇಡುತ್ತಾರೆ. ಬಡ್ಡಿ ಅರ್ಧ ಅಂಶ ಕಡಿಮೆಯಾಯಿತೆಂದು ಯಾರೂ ಪಾಸ್‌ಬುಕ್ ಹಿಂತಿರುಗಿಸುವುದಿಲ್ಲ. ಕರಾವಳಿಯ ಬ್ಯಾಂಕುಗಳಿಗೆ ಈ ಸ್ವಭಾವದ ಪರಿಚಯ ನೂರು ವರ್ಷದಷ್ಟು ಹಳೆಯದು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ಏಜೆಂಟರು ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯನ್ನೂ ಬರೆದುಕೊಂಡು ಬರುತ್ತಿದ್ದರು. ಆ ಎರಡಾಣೆ ಕೊಟ್ಟವರಿಗೆ ಬೇಕಿದ್ದುದು ಖರ್ಚಾಗದಂತೆ ಹಣ ತೆಗೆದಿಡುವ ಒಂದು ದಾರಿ, ಮನೆಬಾಗಿಲಿಗೆ ಬರುವ ಒಬ್ಬ ನಂಬಿಗಸ್ತ. ದರ ಎಷ್ಟೆಂಬುದು ಅದರ ಮುಂದೆ ಸಣ್ಣ ಮಾತು. ಇಂಥ ಠೇವಣಿ ಹೆಚ್ಚಿದ್ದಷ್ಟೂ ರೆಪೊ ದರದ ಪರಿಣಾಮ ಠೇವಣಿಯ ಬದಿಗೆ ಹರಿಯುವುದು ನಿಧಾನ.

ನಿಶ್ಚಿತ ಠೇವಣಿಯ ಕಥೆ ಬೇರೆ. ಅಲ್ಲಿ ದರ ಬದಲಾಗುತ್ತದೆ, ಆದರೆ ಹೊಸ ಠೇವಣಿಗೆ ಮಾತ್ರ. 2020ರ ಕೊನೆಯಲ್ಲಿ ಐದು ವರ್ಷಕ್ಕೆ ಹಣ ಕಟ್ಟಿದವರು ರೆಪೊ 6.50 ಇದ್ದಾಗಲೂ ಹಳೆಯ ಕಡಿಮೆ ಬಡ್ಡಿಯನ್ನೇ ಎಣಿಸಿಕೊಂಡರು. 2023ರಲ್ಲಿ ದೀರ್ಘಾವಧಿಗೆ ಕಟ್ಟಿದವರಿಗೆ 2025ರ ಇಳಿಕೆಯ ಬಿಸಿ ತಟ್ಟಲಿಲ್ಲ. ದರ ಏರುತ್ತಿರುವಾಗ ಚಿಕ್ಕ ಅವಧಿಗೆ, ಇಳಿಯುವ ಸೂಚನೆ ಕಂಡಾಗ ಉದ್ದ ಅವಧಿಗೆ ಎಂಬ ರೂಢಿಯ ಸಲಹೆ ಇಲ್ಲಿಂದ ಬಂದದ್ದು. ಸಲಹೆ ಸರಿ, ಪಾಲಿಸುವುದು ಕಷ್ಟ. ತಿರುವು ಎಲ್ಲಿದೆ ಎಂಬುದು ಸಮಿತಿಯ ಸದಸ್ಯರಿಗೂ ಮೊದಲೇ ತಿಳಿದಿರುವುದಿಲ್ಲ.

ಸಾಲದ ಬದಿ ಹೀಗಲ್ಲ. 2019ರ ಅಕ್ಟೋಬರ್ 1ರಿಂದ ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು, ಇತರ ಚಿಲ್ಲರೆ ಸಾಲಗಳನ್ನು ಮತ್ತು ಸಣ್ಣ ಉದ್ದಿಮೆಗಳ ಸಾಲಗಳನ್ನು ಬ್ಯಾಂಕುಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಬೇಕು. ಅಂದರೆ ದರ ಏರಿದಾಗ ಸಾಲದ ಬಡ್ಡಿ ಬೇಗ ಏರುತ್ತದೆ, ಠೇವಣಿಗೆ ಕೊಡುವ ಬಡ್ಡಿ ನಿಧಾನವಾಗಿ ಏರುತ್ತದೆ; ನಡುವಿನ ಅಂತರ ಬ್ಯಾಂಕಿನ ಲಾಭ. 2022–23ರಲ್ಲಿ ಸರ್ಕಾರಿ ಬ್ಯಾಂಕುಗಳ ಒಟ್ಟು ಲಾಭ ಮೊದಲ ಬಾರಿಗೆ ಒಂದು ಲಕ್ಷ ಕೋಟಿ ರೂಪಾಯಿ ದಾಟಿದ್ದಕ್ಕೆ ಕೆಟ್ಟ ಸಾಲಗಳು ತಗ್ಗಿದ್ದು ಒಂದು ಕಾರಣವಾದರೆ ಈ ಅಂತರ ಇನ್ನೊಂದು. ದರ ಇಳಿಯುವಾಗ ಲೆಕ್ಕ ತಿರುಗುಮುರುಗು. ಸಾಲದ ವರಮಾನ ಬೇಗ ಕುಗ್ಗುತ್ತದೆ, ಹಳೆಯ ಠೇವಣಿಗಳ ವೆಚ್ಚ ಹಾಗೇ ಇರುತ್ತದೆ. ಆಗ ಬ್ಯಾಂಕುಗಳ ಕಣ್ಣು ಮೊದಲು ಬೀಳುವುದು ಉಳಿತಾಯ ಖಾತೆಯ ಮೇಲೆ.

ಬ್ಯಾಂಕುಗಳು ಠೇವಣಿ ದರವನ್ನು ಮನಸ್ಸಿಗೆ ಬಂದಷ್ಟು ಇಳಿಸಲಾರವು ಎಂಬುದಕ್ಕೆ ಅಂಚೆ ಕಚೇರಿ ಒಂದು ಕಾರಣ. ಸಣ್ಣ ಉಳಿತಾಯ ಯೋಜನೆಗಳ ಬಡ್ಡಿಯನ್ನು ತ್ರೈಮಾಸಿಕಕ್ಕೊಮ್ಮೆ ಪ್ರಕಟಿಸುವುದು ಕೇಂದ್ರ ಸರ್ಕಾರ. 2020ರ ಏಪ್ರಿಲಿನಲ್ಲಿ ಶೇ 7.1ಕ್ಕೆ ಇಳಿದ ಸಾರ್ವಜನಿಕ ಭವಿಷ್ಯ ನಿಧಿಯ (ಪಿಪಿಎಫ್) ದರ ರೆಪೊದ ಏರಿಳಿತವನ್ನೆಲ್ಲ ನೋಡುತ್ತಾ ವರ್ಷಗಟ್ಟಲೆ ಅಲ್ಲೇ ಕುಳಿತಿತು. ಹಿರಿಯ ನಾಗರಿಕರ ಯೋಜನೆ 2023ರ ಏಪ್ರಿಲಿನಿಂದ ಶೇ 8.2 ಕೊಡತೊಡಗಿತು, ಕಟ್ಟಬಹುದಾದ ಮೊತ್ತವೂ ಆಗಲೇ 15 ಲಕ್ಷದಿಂದ 30 ಲಕ್ಷಕ್ಕೆ ಏರಿತು. ಇನ್ನೊಂದು ಬದಿಯಲ್ಲಿ ಮ್ಯೂಚುವಲ್ ಫಂಡ್. ಮನೆಮಂದಿಯ ಉಳಿತಾಯ ಬ್ಯಾಂಕು ಬಿಟ್ಟು ಬಂಡವಾಳ ಮಾರುಕಟ್ಟೆಯತ್ತ ಹೋಗುತ್ತಿದೆ ಎಂದು 2024ರಲ್ಲಿ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಬಹಿರಂಗವಾಗಿಯೇ ಕಳವಳ ತೋರಿದ್ದರು.

ನಿಜ ಬಡ್ಡಿ

ಠೇವಣಿಯ ಲೆಕ್ಕ ಬೆಲೆಗಳನ್ನು ಸೇರಿಸದೆ ಪೂರ್ತಿಯಾಗುವುದಿಲ್ಲ. 2020–21ರಲ್ಲಿ ಒಂದು ವರ್ಷದ ಠೇವಣಿಗೆ ದೊಡ್ಡ ಬ್ಯಾಂಕುಗಳು ಸುಮಾರು ಶೇ 5 ಕೊಡುತ್ತಿದ್ದವು. ಆ ವರ್ಷದ ಸರಾಸರಿ ಹಣದುಬ್ಬರ ಶೇ 6.2. ಹತ್ತು ಲಕ್ಷ ರೂಪಾಯಿ ಇಟ್ಟವರೊಬ್ಬರಿಗೆ 50,000 ರೂಪಾಯಿ ಬಡ್ಡಿ ಬಂತು. ವರ್ಷದ ಮೊದಲು ಹತ್ತು ಲಕ್ಷಕ್ಕೆ ಸಿಗುತ್ತಿದ್ದ ಸಾಮಾನು ವರ್ಷದ ಕೊನೆಗೆ 10.62 ಲಕ್ಷವಾಗಿತ್ತು. ಕೈಯಲ್ಲಿರುವುದು 10.50 ಲಕ್ಷ. ಬಡ್ಡಿ ಪಡೆದೂ 12,000 ರೂಪಾಯಿಯಷ್ಟು ಬಡವರಾದಂತಾಯಿತು. ಅದರ ಮೇಲೆ ಬಡ್ಡಿಗೆ ತೆರಿಗೆ ಬೇರೆ, ಅದೂ ಪೂರ್ತಿ 50,000ದ ಮೇಲೆ. ಬೆಲೆಯೇರಿಕೆ ತಿಂದುಹಾಕಿದ ಭಾಗಕ್ಕೆ ವಿನಾಯಿತಿ ಇಲ್ಲ.

ಬಡ್ಡಿಯಿಂದ ಹಣದುಬ್ಬರ ಕಳೆದು ಉಳಿಯುವುದನ್ನು ನಿಜ ಬಡ್ಡಿ ಎನ್ನುತ್ತಾರೆ. ಅಮೆರಿಕದ ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಶರ್ ಹೆಸರಿನಲ್ಲಿ ಪ್ರಸಿದ್ಧವಾದ ಲೆಕ್ಕವಿದು. ಇದನ್ನು ಒಪ್ಪಿಕೊಂಡರೆ ‘ಹಿಂದೆ ಶೇ 12 ಸಿಗುತ್ತಿತ್ತು, ಆ ಕಾಲವೇ ಚೆನ್ನ’ ಎಂಬ ಹಿರಿಯರ ಮಾತಿನ ಬೆಲೆ ತುಸು ಇಳಿಯುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಬೆಲೆಗಳೂ ಎರಡಂಕಿಯಲ್ಲಿ ಏರುತ್ತಿದ್ದವು. ತಿರುಗಿಸಿ ನೋಡಿದರೆ 2025ರ ಅಕ್ಟೋಬರಿನಲ್ಲಿ ಗ್ರಾಹಕ ಬೆಲೆ ಹಣದುಬ್ಬರ ಶೇ 0.25ಕ್ಕೆ ಕುಸಿದಾಗ, ಠೇವಣಿ ದರಗಳು ಇಳಿಯುತ್ತಿದ್ದರೂ, ನಿಜ ಬಡ್ಡಿ ಹಲವು ವರ್ಷಗಳಲ್ಲೇ ಹೆಚ್ಚಿನ ಮಟ್ಟದಲ್ಲಿತ್ತು. ತರಕಾರಿ, ಬೇಳೆ ಅಗ್ಗವಾದದ್ದನ್ನು ಯಾರೂ ಬಡ್ಡಿಯ ಖಾತೆಗೆ ಬರೆಯುವುದಿಲ್ಲ.

ಹಣದುಬ್ಬರ

ಬಡ್ಡಿ ಏರಿಸಿದರೆ ಬೆಲೆ ಇಳಿಯುವುದು ಹೇಗೆ? ಸಾಲ ದುಬಾರಿಯಾದಾಗ ಮನೆ, ವಾಹನ, ಯಂತ್ರ ಕೊಳ್ಳುವವರು ಹಿಂದೆ ಸರಿಯುತ್ತಾರೆ, ಬೇಡಿಕೆ ತಗ್ಗುತ್ತದೆ, ಮಾರುವವರು ಬೆಲೆ ಏರಿಸಲು ಹಿಂಜರಿಯುತ್ತಾರೆ. ಸ್ವೀಡನ್ನಿನ ಕ್ನೂಟ್ ವಿಕ್ಸೆಲ್ 1898ರಷ್ಟು ಹಿಂದೆಯೇ ಬಡ್ಡಿಗೂ ಬೆಲೆಗೂ ಇರುವ ಈ ನಂಟನ್ನು ವಿವರಿಸಿದ್ದರು. ಅದರ ಕಠೋರ ಪ್ರಯೋಗ ನಡೆದದ್ದು ಅಮೆರಿಕದಲ್ಲಿ. 1980ರ ವಸಂತದಲ್ಲಿ ಅಲ್ಲಿ ಹಣದುಬ್ಬರ ಶೇ 14 ದಾಟಿತ್ತು. ಅಲ್ಲಿನ ಕೇಂದ್ರೀಯ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಪಾಲ್ ವೋಲ್ಕರ್ ಬಡ್ಡಿ ಶೇ 20ರ ಆಸುಪಾಸಿಗೆ ಹೋಗಲು ಬಿಟ್ಟರು. 1983ರ ಹೊತ್ತಿಗೆ ಹಣದುಬ್ಬರ ಶೇ 3ರ ಸುತ್ತಮುತ್ತ ಬಂತು. ನಡುವೆ ನಿರುದ್ಯೋಗ ಶೇ 10 ಮೀರಿತು. ಔಷಧ ಕೆಲಸ ಮಾಡಿತು, ಯಾರ ಮೈಮೇಲೆ ಎಂಬುದು ಇನ್ನೊಂದು ಪ್ರಶ್ನೆ.

ಭಾರತದಲ್ಲಿ ಈ ಔಷಧದ ಹಿಡಿತ ಅಷ್ಟು ಬಿಗಿಯಲ್ಲ. 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯಗಳ ಪಾಲು ಶೇ 45.86 ಇತ್ತು. ಆಹಾರದ ಬೆಲೆ ನಿರ್ಧರಿಸುವುದು ಮಳೆ, ರೋಗ, ಸಾಗಣೆ. 2023ರ ಜುಲೈಯಲ್ಲಿ ಹಣದುಬ್ಬರ ಶೇ 7.44ಕ್ಕೆ ಜಿಗಿದದ್ದರಲ್ಲಿ ತರಕಾರಿಯ ಪಾತ್ರ ದೊಡ್ಡದು. ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ ಆಗ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ತೋಟಗಳಿಗೆ ರಾತ್ರಿ ಕಾವಲು ಹಾಕಿದ ಸುದ್ದಿಗಳು ಬಂದವು. ಎಲೆಮುರುಟು ರೋಗಕ್ಕೆ, ಅಕಾಲಿಕ ಮಳೆಗೆ ರೆಪೊ ದರ ಏನು ಮಾಡೀತು? ಆಗಸ್ಟಿನ ಸಭೆಯಲ್ಲಿ ಸಮಿತಿ ದರವನ್ನು ಮುಟ್ಟಲಿಲ್ಲ. ಹೊಸ ಫಸಲು ಬಂತು, ಟೊಮೆಟೊ ನೆಲಕಚ್ಚಿತು, ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ 5ರ ಹತ್ತಿರ ಬಂತು.

ಹಾಗಿದ್ದರೆ 2022ರಲ್ಲಿ ಯಾಕೆ ಏರಿಸಬೇಕಾಯಿತು? ಆ ಏಪ್ರಿಲಿನಲ್ಲಿ ಹಣದುಬ್ಬರ ಶೇ 7.79 ಮುಟ್ಟಿತ್ತು. ಉಕ್ರೇನ್ ಯುದ್ಧದಿಂದ ತೈಲ, ಅಡುಗೆ ಎಣ್ಣೆ ತುಟ್ಟಿಯಾಗಿದ್ದವು. ಅದೂ ಪೂರೈಕೆಯ ಸಮಸ್ಯೆಯೇ. ಆದರೆ ಆಹಾರ, ಇಂಧನ ಬಿಟ್ಟು ಉಳಿದ ಸರಕು–ಸೇವೆಗಳ ಬೆಲೆಯೂ ಗಟ್ಟಿಯಾಗಿ ಮೇಲೇರುತ್ತಿತ್ತು. ಬೆಲೆಗಳು ಏರುತ್ತಲೇ ಇರುತ್ತವೆ ಎಂದು ಜನ ನಂಬಿಬಿಟ್ಟರೆ ಬಾಡಿಗೆ, ಸಂಬಳ, ಶಾಲಾ ಶುಲ್ಕ ಎಲ್ಲವೂ ಆ ನಂಬಿಕೆಗೆ ತಕ್ಕಂತೆ ನಿಗದಿಯಾಗುತ್ತವೆ. ಬಡ್ಡಿ ನೀತಿ ಮುಖ್ಯವಾಗಿ ಹಿಡಿಯಲು ಹೊರಡುವುದು ಈ ನಿರೀಕ್ಷೆಯನ್ನು. ಒಂದು ಬಾರಿಯ ಟೊಮೆಟೊ ಏರಿಕೆಯನ್ನು ಕಡೆಗಣಿಸಬಹುದು, ಅದು ಹೋಟೆಲಿನ ದರಪಟ್ಟಿಗೆ ಇಳಿದು ಅಲ್ಲೇ ಉಳಿದರೆ ಕಡೆಗಣಿಸಲಾಗದು. ಈ ಎರಡರ ನಡುವಿನ ಗೆರೆ ಎಳೆಯುವುದರಲ್ಲೇ ಸಮಿತಿಯ ಜಾಣ್ಮೆ ಇರುವುದು. 2022ರಲ್ಲಿ ಆ ಗೆರೆಯನ್ನು ತಡವಾಗಿ ಎಳೆಯಲಾಯಿತು ಎಂಬ ಟೀಕೆಯಲ್ಲಿ ಹುರುಳಿದೆ.

ಏರಿಕೆಯ ಭಾರ ಹೊತ್ತವರು ಗೃಹಸಾಲಗಾರರು. ಇಪ್ಪತ್ತು ವರ್ಷಕ್ಕೆ 30 ಲಕ್ಷ ರೂಪಾಯಿ ಸಾಲ ಎನ್ನಿ. ಶೇ 7 ಬಡ್ಡಿಯಲ್ಲಿ ತಿಂಗಳ ಕಂತು 23,259 ರೂಪಾಯಿ. ರೆಪೊ ಜತೆಗೆ ಬಡ್ಡಿ ಎರಡೂವರೆ ಅಂಶ ಏರಿ 9.5 ಆದರೆ ಕಂತು 27,964 ಆಗಬೇಕು. ಅನೇಕ ಬ್ಯಾಂಕುಗಳು ಕಂತನ್ನು ಮುಟ್ಟದೆ ಅವಧಿಯನ್ನು ಎಳೆದವು. ಈಗ ಲೆಕ್ಕ ಹಾಕಿ: 30 ಲಕ್ಷಕ್ಕೆ ಶೇ 9.5ರಂತೆ ಒಂದು ತಿಂಗಳ ಬಡ್ಡಿಯೇ 23,750 ರೂಪಾಯಿ. ಸಾಲ ತೆಗೆದ ಹೊಸತರಲ್ಲೇ ಏರಿಕೆಗೆ ಸಿಕ್ಕವರ ಹಳೆಯ ಕಂತು ಬಡ್ಡಿಗೂ ಸಾಲದು. ಕಟ್ಟುತ್ತಾ ಹೋದಂತೆ ಅಸಲು ಬೆಳೆಯುತ್ತದೆ. ಈ ಪರಿಸ್ಥಿತಿ ನೋಡಿಯೇ ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಸುತ್ತೋಲೆ ಹೊರಡಿಸಿ, ಕಂತು ಏರಿಸಬೇಕೋ ಅವಧಿ ಉದ್ದ ಮಾಡಬೇಕೋ ಸ್ಥಿರ ಬಡ್ಡಿಗೆ ಬದಲಾಯಿಸಬೇಕೋ ಎಂದು ಸಾಲಗಾರರನ್ನು ಕೇಳಬೇಕು, ಅವಧಿ ಉದ್ದ ಮಾಡುವ ನೆಪದಲ್ಲಿ ಅಸಲು ಬೆಳೆಯಲು ಬಿಡಬಾರದು ಎಂದು ಬ್ಯಾಂಕುಗಳಿಗೆ ಸೂಚಿಸಿತು.

ಕರೆನ್ಸಿ ಹೂಡಿಕೆದಾರರು

ಒಂದು ದೇಶದಲ್ಲಿ ಬಡ್ಡಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಎಂದಾದರೆ ಮೊದಲನೆಯದರಲ್ಲಿ ಸಾಲ ಪಡೆದು ಎರಡನೆಯದರಲ್ಲಿ ಹೂಡುವವರು ಹುಟ್ಟಿಕೊಳ್ಳುತ್ತಾರೆ. ಮಾರುಕಟ್ಟೆಯ ಮಾತಿನಲ್ಲಿ ಇದು ಕ್ಯಾರಿ ಟ್ರೇಡ್. ಕೇಳಲು ಸುಲಭದ ಲಾಭ. ಅಪಾಯ ಇರುವುದು ಹಣವನ್ನು ಮರಳಿ ಪರಿವರ್ತಿಸುವ ದಿನದಲ್ಲಿ. ಆ ಅಪಾಯ ಬೇಡವೆಂದು, ಮುಂದಿನ ವಿನಿಮಯ ದರವನ್ನು ಇಂದೇ ಗೊತ್ತುಪಡಿಸುವ ಫಾರ್ವರ್ಡ್ ಒಪ್ಪಂದ ಮಾಡಿಕೊಂಡರೆ ಲಾಭವೂ ಬಹುಮಟ್ಟಿಗೆ ಕರಗುತ್ತದೆ. ಡಾಲರ್ 83 ರೂಪಾಯಿ, ಅಮೆರಿಕದಲ್ಲಿ ಒಂದು ವರ್ಷದ ಬಡ್ಡಿ ಶೇ 5, ಭಾರತದಲ್ಲಿ ಶೇ 7 ಎಂದಿಟ್ಟುಕೊಂಡರೆ ವರ್ಷದ ನಂತರದ ಡಾಲರಿಗೆ ಮಾರುಕಟ್ಟೆ ಇಂದೇ ಕೇಳುವ ಬೆಲೆ ಸುಮಾರು 84.58 ರೂಪಾಯಿ. ಎರಡು ಬಡ್ಡಿಗಳ ಅಂತರವನ್ನು ಆ ಬೆಲೆ ನುಂಗಿಹಾಕಿದೆ. ಹಾಗಾಗಿ ಕ್ಯಾರಿ ಟ್ರೇಡಿನಲ್ಲಿ ಹಣ ಮಾಡುವವರು ರಕ್ಷಣೆಯಿಲ್ಲದೆ ನಿಂತವರು. ವಿನಿಮಯ ದರ ಕದಲದಿದ್ದಷ್ಟು ದಿನ ಅವರದೇ ರಾಜ್ಯ.

ಭಾರತ ಇದರ ಏಟು ತಿಂದದ್ದು 2013ರಲ್ಲಿ. ಮೇ 22ರಂದು ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕೆ ತಿಂಗಳು ತಿಂಗಳೂ ಬಾಂಡ್ ಕೊಳ್ಳುವುದನ್ನು ಮುಂದೆ ಕಡಿಮೆ ಮಾಡಬಹುದು ಎಂದರು. ಅಷ್ಟೇ, ದರವೇನೂ ಬದಲಾಗಿರಲಿಲ್ಲ. ಅಮೆರಿಕದ ಬಡ್ಡಿ ಏರಲಿದೆ ಎಂದೆಣಿಸಿ ಹೂಡಿಕೆದಾರರು ಹಣ ಹಿಂತೆಗೆದರು. ಸುಮಾರು 55 ರೂಪಾಯಿ ಇದ್ದ ಡಾಲರ್ ಆಗಸ್ಟ್ 28ರಂದು 68 ರೂಪಾಯಿ ಮೀರಿತು. ಮೇ ತಿಂಗಳಲ್ಲಿ ಒಂದು ಲಕ್ಷ ಡಾಲರ್ ತಂದು 55 ಲಕ್ಷ ರೂಪಾಯಿ ಮಾಡಿ ಶೇ 8ರ ಬಡ್ಡಿಗೆ ಹೂಡಿದವರ ಬಳಿ ಮೂರು ತಿಂಗಳಿಗೆ 56.1 ಲಕ್ಷವಿತ್ತು. 68ರ ಲೆಕ್ಕದಲ್ಲಿ ಅದು 82,500 ಡಾಲರ್. ಬಡ್ಡಿಯಲ್ಲಿ ಬಂದದ್ದು ಶೇ 2, ವಿನಿಮಯದಲ್ಲಿ ಹೋದದ್ದು ಶೇ 19.

ರಿಸರ್ವ್ ಬ್ಯಾಂಕ್ ರಕ್ಷಣೆಗೆ ಹಿಡಿದ ಅಸ್ತ್ರ ಬಡ್ಡಿಯೇ, ಆದರೆ ರೆಪೊ ದರವಲ್ಲ. ಜುಲೈ 15ರಂದು ರೆಪೊವನ್ನು 7.25ರಲ್ಲೇ ಬಿಟ್ಟು, ಬ್ಯಾಂಕುಗಳು ತುರ್ತಿಗೆ ಸಾಲ ಪಡೆಯುವ ಕಿಟಕಿಯ ದರವನ್ನು 10.25ಕ್ಕೆ ಏರಿಸಿತು. ಜತೆಗೆ ರೆಪೊದಲ್ಲಿ ಸಿಗುವ ಹಣಕ್ಕೂ ಮಿತಿ ಹಾಕಿತು. ಬ್ಯಾಂಕುಗಳ ನಡುವಿನ ಬಡ್ಡಿ ಎರಡಂಕಿಗೆ ಹೋಯಿತು. ಆದರೂ ರೂಪಾಯಿ ಬೀಳುತ್ತಲೇ ಇತ್ತು. ಭಯಪಟ್ಟು ಓಡುತ್ತಿರುವ ಹೂಡಿಕೆದಾರರಿಗೆ ಹೆಚ್ಚು ಬಡ್ಡಿ ಆಕರ್ಷಣೆಯಾಗುವ ಬದಲು ‘ಇವರಿಗೂ ದಿಗಿಲಾಗಿದೆ’ ಎಂಬ ಸಂದೇಶವಾಗುವುದೂ ಉಂಟು. ತೈಲ ಕಂಪನಿಗಳಿಗೆ ನೇರವಾಗಿ ಡಾಲರ್ ಕೊಡುವ ಏರ್ಪಾಡು ಆಗಸ್ಟ್ ಕೊನೆಯಲ್ಲಿ ಬಂತು. ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ಗವರ್ನರ್ ಆದ ದಿನ ಮತ್ತೊಂದು ಯೋಜನೆ ಪ್ರಕಟವಾಯಿತು: ಬ್ಯಾಂಕುಗಳು ಅನಿವಾಸಿ ಭಾರತೀಯರಿಂದ ಕನಿಷ್ಠ ಮೂರು ವರ್ಷಕ್ಕೆ ಡಾಲರ್ ಠೇವಣಿ ತಂದರೆ, ವಿನಿಮಯ ನಷ್ಟದ ಹೊಣೆಯನ್ನು ಅವುಗಳಿಂದ ವರ್ಷಕ್ಕೆ ಶೇ 3.5 ಮಾತ್ರ ಪಡೆದು ರಿಸರ್ವ್ ಬ್ಯಾಂಕೇ ಹೊರುತ್ತದೆ. ಬ್ಯಾಂಕುಗಳ ವಿದೇಶಿ ಸಾಲವೂ ಸೇರಿ ನವೆಂಬರ್ ಕೊನೆಯೊಳಗೆ ಸುಮಾರು 34 ಶತಕೋಟಿ ಡಾಲರ್ ಬಂತು. ರೂಪಾಯಿ ನಿಂತಿತು. ಬಡ್ಡಿಗಿಂತ ಭರವಸೆಗೆ ಹೆಚ್ಚು ಬೆಲೆ ಸಿಕ್ಕ ಪ್ರಸಂಗವಿದು, ಸಬ್ಸಿಡಿಯ ಒಗ್ಗರಣೆಯೂ ಅದಕ್ಕಿತ್ತು.

ಆ ಅನುಭವದ ನಂತರ ರಿಸರ್ವ್ ಬ್ಯಾಂಕ್ ಡಾಲರ್ ಸಂಗ್ರಹಕ್ಕೆ ಒತ್ತು ಕೊಟ್ಟಿತು. 2022ರ ಮಾರ್ಚಿನಿಂದ 2023ರ ಜುಲೈವರೆಗೆ ಅಮೆರಿಕ ತನ್ನ ದರವನ್ನು ಸೊನ್ನೆಯ ಹತ್ತಿರದಿಂದ 5.25–5.50ಕ್ಕೆ ಏರಿಸಿತು. ಭಾರತದೊಂದಿಗಿನ ಅಂತರ ಒಂದು ಅಂಶದಷ್ಟಕ್ಕೆ ಕುಗ್ಗಿತು. ಹಳೆಯ ಸೂತ್ರದಂತೆ ರೂಪಾಯಿ ನೆಲಕಚ್ಚಬೇಕಿತ್ತು. ರಿಸರ್ವ್ ಬ್ಯಾಂಕ್ ಡಾಲರ್ ಮಾರುತ್ತಾ ಇಳಿಕೆಯನ್ನು ನಿಧಾನಗೊಳಿಸಿತು. 2021ರ ಸೆಪ್ಟೆಂಬರಿನಲ್ಲಿ 640 ಶತಕೋಟಿ ಡಾಲರ್ ಮೀರಿದ್ದ ವಿದೇಶಿ ವಿನಿಮಯ ಮೀಸಲು 2022ರ ಅಕ್ಟೋಬರಿಗೆ ಸುಮಾರು 525 ಶತಕೋಟಿಗೆ ಇಳಿದಿತ್ತು. ಮಾರಾಟದ ಜತೆಗೆ ಇತರ ಕರೆನ್ಸಿಗಳ ಮೌಲ್ಯ ಡಾಲರ್ ಎದುರು ಕುಸಿದದ್ದೂ ಈ ಇಳಿಕೆಯಲ್ಲಿ ಸೇರಿದೆ.

ಇಲ್ಲೊಂದು ಕಣ್ಣಿಗೆ ಬೀಳದ ಕೊಂಡಿ ಉಂಟು. ರಿಸರ್ವ್ ಬ್ಯಾಂಕ್ ಡಾಲರ್ ಮಾರಿದಾಗ ಅದಕ್ಕೆ ಪ್ರತಿಯಾಗಿ ಬರುವ ರೂಪಾಯಿ ಬ್ಯಾಂಕಿಂಗ್ ವ್ಯವಸ್ಥೆಯಿಂದ ಹೊರಗೆ ಹೋಗುತ್ತದೆ. ಬ್ಯಾಂಕುಗಳ ಕೈ ಬಿಗಿಯಾಗುತ್ತದೆ. ರೆಪೊ ಬದಲಾಗದಿದ್ದರೂ ಅವು ಠೇವಣಿಗಾಗಿ ಪೈಪೋಟಿಗೆ ಇಳಿಯುತ್ತವೆ. 2024ರ ಕೊನೆಯಲ್ಲಿ ಹೀಗೇ ಆಗಿ, ಡಿಸೆಂಬರಿನಲ್ಲಿ ಬ್ಯಾಂಕುಗಳು ಠೇವಣಿಯಲ್ಲಿ ರಿಸರ್ವ್ ಬ್ಯಾಂಕಿನ ಬಳಿ ಇಡಬೇಕಾದ ಪಾಲನ್ನು, ಅಂದರೆ ನಗದು ಮೀಸಲು ಅನುಪಾತವನ್ನು, ಶೇ 4.5ರಿಂದ 4ಕ್ಕೆ ಇಳಿಸಿ ಹಣ ಬಿಡುಗಡೆ ಮಾಡಬೇಕಾಯಿತು. ಪೇಟೆ ಬೀದಿಯ ಶಾಖೆಯಲ್ಲಿ ‘444 ದಿನಗಳ ವಿಶೇಷ ಠೇವಣಿ’ ಎಂಬ ಬ್ಯಾನರ್ ನೇತುಬಿದ್ದರೆ ಅದರ ಹಿಂದೆ ಡಾಲರಿನ ಲೆಕ್ಕಾಚಾರವೂ ಇರಬಹುದು.

ಟರ್ಕಿ ಮತ್ತು ಜಪಾನ್

ಬಡ್ಡಿಯನ್ನು ಉಲ್ಟಾ ದಿಕ್ಕಿಗೆ ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಟರ್ಕಿಗಿಂತ ಸ್ಪಷ್ಟ ಉದಾಹರಣೆ ಈ ಶತಮಾನದಲ್ಲಿ ಕಡಿಮೆ. ಹೆಚ್ಚು ಬಡ್ಡಿಯೇ ಬೆಲೆಯೇರಿಕೆಗೆ ಕಾರಣ ಎಂಬುದು ಅಧ್ಯಕ್ಷ ಎರ್ಡೊಗಾನ್ ಅವರ ವಾದ. 2021ರ ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ 19 ಮೀರಿದ್ದಾಗ ಅಲ್ಲಿನ ಕೇಂದ್ರೀಯ ಬ್ಯಾಂಕ್ ಶೇ 19ರಲ್ಲಿದ್ದ ದರವನ್ನು ಇಳಿಸಲು ಶುರುಮಾಡಿ ಡಿಸೆಂಬರಿಗೆ 14 ಮಾಡಿತು. ಸೆಪ್ಟೆಂಬರ್ ಆರಂಭದಲ್ಲಿ ಎಂಟೂವರೆಗಿಂತ ಕಡಿಮೆ ಲಿರಾಗೆ ಸಿಗುತ್ತಿದ್ದ ಡಾಲರ್ ಡಿಸೆಂಬರ್ 20ರಂದು 18 ಲಿರಾ ದಾಟಿತು. ಜನ ಲಿರಾ ಠೇವಣಿ ಮುರಿದು ಡಾಲರ್, ಚಿನ್ನ ಕೊಳ್ಳತೊಡಗಿದರು. ಅವರನ್ನು ತಡೆಯಲು ಅದೇ ರಾತ್ರಿ ಸರ್ಕಾರ ವಿನಿಮಯ ರಕ್ಷಿತ ಠೇವಣಿ ತಂದಿತು: ಲಿರಾದಲ್ಲಿ ಇಡಿ, ಡಾಲರ್ ಎದುರು ಲಿರಾ ಬಡ್ಡಿಗಿಂತ ಹೆಚ್ಚು ಬಿದ್ದರೆ ವ್ಯತ್ಯಾಸ ಸರ್ಕಾರಿ ಬೊಕ್ಕಸದಿಂದ. ಬಡ್ಡಿ ಕೊಡುವುದಿಲ್ಲ ಎಂದವರು ಬಡ್ಡಿಯನ್ನೇ ಬೇರೆ ಹೆಸರಿನಲ್ಲಿ ಕೊಟ್ಟರು, ತೆರಿಗೆದಾರರ ಜೇಬಿನಿಂದ. 2022ರ ಅಕ್ಟೋಬರಿನಲ್ಲಿ ಅಧಿಕೃತ ಹಣದುಬ್ಬರ ಶೇ 85 ಮುಟ್ಟಿತು. 2023ರ ಚುನಾವಣೆ ಮುಗಿದ ಮೇಲೆ ದಿಕ್ಕು ಬದಲಿಸಿ, 8.5ಕ್ಕೆ ಇಳಿದಿದ್ದ ದರವನ್ನು 2024ರ ಮಾರ್ಚಿಗೆ 50ಕ್ಕೆ ಏರಿಸಬೇಕಾಯಿತು.

ಜಪಾನಿನದು ಸಣ್ಣ ಅಂಕಿಯ ದೊಡ್ಡ ಆಟ. ಸೊನ್ನೆಯ ಆಸುಪಾಸಿನ ಬಡ್ಡಿಗೆ ಯೆನ್ ಸಾಲ ಪಡೆದು ಲೋಕದ ಎಲ್ಲೆಡೆ ಹೂಡುವುದು ದಶಕಗಳಿಂದ ನಡೆದುಬಂದ ದಂಧೆ. ಬ್ಯಾಂಕ್ ಆಫ್ ಜಪಾನ್ 2024ರ ಮಾರ್ಚಿನಲ್ಲಿ ಋಣಾತ್ಮಕ ಬಡ್ಡಿ ಕೈಬಿಟ್ಟು, ಜುಲೈ 31ರಂದು ದರವನ್ನು 0.25ಕ್ಕೆ ಏರಿಸಿತು. ಅದೇ ವಾರ ಅಮೆರಿಕದ ಉದ್ಯೋಗ ಅಂಕಿಗಳು ಮಂಕಾಗಿ ಬಂದವು. ಯೆನ್ ಸಾಲ ತೀರಿಸಲು ಎಲ್ಲರೂ ಒಮ್ಮೆಗೇ ಧಾವಿಸಿದರು, ಯೆನ್ ಜಿಗಿಯಿತು, ಆಗಸ್ಟ್ 5ರಂದು ಅಲ್ಲಿನ ಷೇರುಪೇಟೆಯ ನಿಕ್ಕೈ ಸೂಚ್ಯಂಕ ಶೇ 12.4 ಕುಸಿಯಿತು. ಠೇವಣಿದಾರರು ಗಮನಿಸದೇ ಹೋಗಬಹುದಾದ ಸಣ್ಣ ಏರಿಕೆ, ಸಾಲ ಮಾಡಿ ಹೂಡಿದವರ ಪಾಲಿಗೆ ಒಂದೇ ದಿನದಲ್ಲಿ ಗಂಡಾಂತರವಾಯಿತು.

ಅನಿವಾಸಿ ಠೇವಣಿದಾರರು

ಠೇವಣಿದಾರ ಮತ್ತು ಕರೆನ್ಸಿ ಹೂಡಿಕೆದಾರ ಒಬ್ಬರೇ ಆಗುವುದು ಕೊಲ್ಲಿ ದೇಶಗಳಲ್ಲಿ ದುಡಿಯುವವರ ವಿಷಯದಲ್ಲಿ. ಮಂಗಳೂರು, ಉಡುಪಿ, ಭಟ್ಕಳದ ಅನೇಕ ಮನೆಗಳ ಉಳಿತಾಯ ದಿರ್ಹಮ್, ರಿಯಾಲ್‌ಗಳಿಂದ ಬಂದದ್ದು. ಯುಎಇಯ ದಿರ್ಹಮ್ 1997ರಿಂದ ಡಾಲರಿಗೆ 3.6725ರಂತೆ ಕಟ್ಟಿಕೊಂಡಿದೆ, ಹಾಗಾಗಿ ಅಲ್ಲಿನ ಕೇಂದ್ರೀಯ ಬ್ಯಾಂಕ್ ವಾಷಿಂಗ್ಟನ್ನಿನ ದರವನ್ನೇ ಹಿಂಬಾಲಿಸಬೇಕು, ದುಬೈಯ ಬೆಲೆಗಳು ಹೇಗೇ ಇರಲಿ. ಊರಿಗೆ ಹಣ ಕಳುಹಿಸುವವರ ಮುಂದೆ ಎರಡು ದಾರಿ. ಎನ್‌ಆರ್‌ಇ ಠೇವಣಿಯಲ್ಲಿ ಹಣ ರೂಪಾಯಿಯಾಗುತ್ತದೆ, ಬಡ್ಡಿ ಹೆಚ್ಚು, ರೂಪಾಯಿ ಕುಸಿದರೆ ಡಾಲರ್ ಲೆಕ್ಕದ ನಷ್ಟ ತಮ್ಮದು. ಎಫ್‌ಸಿಎನ್‌ಆರ್ ಠೇವಣಿ ವಿದೇಶಿ ಕರೆನ್ಸಿಯಲ್ಲೇ ಉಳಿಯುತ್ತದೆ, ಬಡ್ಡಿ ಸಾಮಾನ್ಯವಾಗಿ ಕಡಿಮೆ, ವಿನಿಮಯದ ಚಿಂತೆ ಬ್ಯಾಂಕಿನದು. ಯಾವುದು ಮೇಲು ಎಂಬುದು ದರದ ಪಟ್ಟಿಗಿಂತ ಹಣ ಕೊನೆಗೆ ಎಲ್ಲಿ ಖರ್ಚಾಗುತ್ತದೆ ಎಂಬುದರ ಮೇಲೆ ನಿಂತಿದೆ. ಊರಲ್ಲೇ ಮನೆ ಕಟ್ಟುವವರಿಗೆ ರೂಪಾಯಿ ಕುಸಿತ ನಷ್ಟವೇ ಅಲ್ಲ. ಮಕ್ಕಳನ್ನು ಕೆನಡಾದಲ್ಲಿ ಓದಿಸುವವರಿಗೆ ಎನ್‌ಆರ್‌ಇಯ ಹೆಚ್ಚುವರಿ ಬಡ್ಡಿ ಸಾಕಾಗದೇ ಹೋಗಬಹುದು. ಎರಡೂ ಠೇವಣಿಗಳಿಗೆ ಕನಿಷ್ಠ ಅವಧಿ ಒಂದು ವರ್ಷ. ಅದಕ್ಕೆ ಮೊದಲೇ ಮುರಿದರೆ ಬಡ್ಡಿಯೇ ಇಲ್ಲ. ಅನಿವಾಸಿಯಾಗಿರುವಷ್ಟು ಕಾಲ ಆ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಕೆಲಸ ಬಿಟ್ಟು ಊರಿಗೆ ಬಂದು ನೆಲೆಸಿದ ಮೇಲೆ ಎನ್‌ಆರ್‌ಇ ಖಾತೆಯನ್ನು ಸಾಮಾನ್ಯ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು, ಅಲ್ಲಿಂದಾಚೆಗಿನ ಬಡ್ಡಿಗೆ ಎಲ್ಲರಂತೆ ತೆರಿಗೆ ಕಟ್ಟಬೇಕು.